ಭಗಂದರ: ತಟ್ಟೆಯಲ್ಲಿ ಏನಿರಲಿ, ವೈದ್ಯರಿಗೆ ಏನು ಹೇಳೋಣ



ಕೆಲವು ಕಾಯಿಲೆಗಳ ಬಗ್ಗೆ ನಾವು ಮನೆಯವರ ಮುಂದೆಯೂ ಬಾಯಿ ಬಿಡುವುದಿಲ್ಲ. ಗುದದ್ವಾರದ ಪಕ್ಕ ಒಂದು ಗುಳ್ಳೆ, ಆಗಾಗ ಕೀವು, ಬಟ್ಟೆಗೆ ಕಲೆ, ಕೂತರೆ ನೋವು. ಯಾರಾದರೂ ಕೇಳಿದರೆ "ಉಷ್ಣ ಆಗಿದೆ" ಎಂದೋ "ಮೂಲವ್ಯಾಧಿ ಇರಬೇಕು" ಎಂದೋ ಹೇಳಿ ಮಾತು ಮುಗಿಸುತ್ತೇವೆ. ಮಜ್ಜಿಗೆ, ಎಳನೀರು ಕುಡಿದು ತಿಂಗಳುಗಟ್ಟಲೆ ತಳ್ಳುತ್ತೇವೆ. ಗುಳ್ಳೆ ಒಡೆದಾಗ ನೋವು ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಕೆಲವು ವಾರ ಕಳೆದರೆ ಅದೇ ಜಾಗ ಮತ್ತೆ ಊದುತ್ತದೆ. ಹೀಗೆ ಮರಳಿ ಮರಳಿ ಬರುತ್ತಿದ್ದರೆ ಅದು ಭಗಂದರ, ಅಂದರೆ ಫಿಸ್ಟುಲಾ ಆಗಿರಬಹುದು.

ಒಳಗೆ ಏನಾಗುತ್ತದೆ?

ಗುದನಾಳದ ಒಳಗೋಡೆಯಲ್ಲಿ ಸಣ್ಣ ಗ್ರಂಥಿಗಳಿವೆ. ಅವುಗಳಲ್ಲೊಂದರ ಬಾಯಿ ಕಟ್ಟಿ ಸೋಂಕಾದರೆ ಕೀವು ತುಂಬಿ ಕುರು ಏಳುತ್ತದೆ. ಕುರು ಒಡೆದ ಮೇಲೆ ಒಳಗಿನಿಂದ ಹೊರಚರ್ಮದವರೆಗೆ ಸಣ್ಣ ಸುರಂಗವೊಂದು ಉಳಿದುಬಿಡಬಹುದು. ಕುರು ಆದವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ ಎನ್ನುತ್ತಾರೆ ವೈದ್ಯರು. ಮೂಲವ್ಯಾಧಿಯಲ್ಲಿ ಊದಿಕೊಳ್ಳುವುದು ರಕ್ತನಾಳ. ಭಗಂದರ ಸೋಂಕು ಕೊರೆದ ದಾರಿ. ಎರಡೂ ಬೇರೆ, ಚಿಕಿತ್ಸೆಯೂ ಬೇರೆ. ಕೆಲವರಲ್ಲಿ ಕ್ಷಯ ಅಥವಾ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇದಕ್ಕೆ ಕಾರಣವಾಗಿರುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಊಹಿಸಿಕೊಂಡು ಕೂರುವುದು ಸರಿಯಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಯಾವ ಪಥ್ಯದಿಂದಲೂ ಈ ಸುರಂಗ ಮುಚ್ಚುವುದಿಲ್ಲ. ಊಟ ಮತ್ತು ಅಭ್ಯಾಸ ಸರಿಪಡಿಸಿಕೊಂಡರೆ ನೋವು ಕಡಿಮೆಯಾಗುತ್ತದೆ, ಚಿಕಿತ್ಸೆಯ ನಂತರ ಗಾಯ ನೆಮ್ಮದಿಯಾಗಿ ಮಾಗಲು ಅನುಕೂಲವಾಗುತ್ತದೆ. ಅಷ್ಟು ಪ್ರಯೋಜನವೇನೂ ಸಣ್ಣದಲ್ಲ.

ನಮ್ಮ ತಟ್ಟೆಯಲ್ಲೇ ಇದೆ

ಮಲ ಮೆತ್ತಗಿರಬೇಕು, ಆದರೆ ನೀರಾಗಬಾರದು. ಗಟ್ಟಿಯಾದರೆ ಮುಕ್ಕಬೇಕಾಗುತ್ತದೆ, ಭೇದಿಯಾದರೆ ಆ ಜಾಗ ಉರಿಯುತ್ತದೆ. ಇದಕ್ಕೆ ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಹಾಗಾಗಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮನೆಗಳಲ್ಲಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಬಿಡಬೇಕಾಗಿಲ್ಲ. ಅದರ ಜೊತೆಯ ಖಾರದ ಶೇಂಗಾ ಚಟ್ನಿಯನ್ನು ಮಾತ್ರ ಹಿಡಿತದಲ್ಲಿಡಿ. ಹೊಸೂರು, ಮಡಕಶಿರಾ ಕಡೆಯವರು ಮುದ್ದೆ, ಸೊಪ್ಪಿನ ಸಾರು, ಕಾಳಿನ ಹುಳಿ ಉಣ್ಣಬಹುದು. ಕಾಸರಗೋಡಿನವರು ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿಯೊಂದನ್ನೇ ನೆಚ್ಚದೆ ಹೆಸರುಕಾಳು, ತರಕಾರಿ ಪಲ್ಯ ಸೇರಿಸಿಕೊಳ್ಳಲಿ. ಪರಂಗಿ, ಸೀಬೆ, ಬಾಳೆಹಣ್ಣು ಎಲ್ಲ ಊರಿನಲ್ಲೂ ಸಿಗುತ್ತವೆ.

ನಾರಿನಂಶವನ್ನು ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಒಂದೆರಡು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು ಕುಡಿಯಿರಿ. ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿಯಿರಿ, ಒಣದಾಗಿ ನುಂಗಬೇಡಿ.

ಖಾರ ಭಗಂದರಕ್ಕೆ ಕಾರಣವಲ್ಲ, ಆದರೆ ಇರುವ ಉರಿಯನ್ನು ಹೆಚ್ಚಿಸುತ್ತದೆ. ಬೀಡಿ, ಸಿಗರೇಟು ಬಿಡಲೇಬೇಕು. ಹೊಗೆ ಸೇದುವವರ ಗಾಯ ತಡವಾಗಿ ಮಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆಯನ್ನು ಹತೋಟಿಯಲ್ಲಿ ಇಡದಿದ್ದರೆ ಬೇರೆ ಯಾವ ಪಥ್ಯವೂ ಸಾಲದು.

ದಿನದ ಅಭ್ಯಾಸಗಳು

ಮಲವಿಸರ್ಜನೆಯ ಒತ್ತಡ ಬಂದಾಗ ತಡೆಯಬೇಡಿ. ಶೌಚಾಲಯಕ್ಕೆ ಮೊಬೈಲ್ ಒಯ್ಯಬೇಡಿ. ಐದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಮುಕ್ಕಬೇಡಿ. ಕಮೋಡ್ ಬಳಸುವವರು ಕಾಲಡಿಗೆ ಸಣ್ಣ ಮಣೆ ಇಟ್ಟುಕೊಂಡರೆ ಸುಲಭವಾಗುತ್ತದೆ.

ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತರಿಂದ ಹದಿನೈದು ನಿಮಿಷ ಸೊಂಟ ಮುಳುಗುವಂತೆ ಕೂರಿ. ದಿನಕ್ಕೆ ಎರಡು ಮೂರು ಸಲ, ಅದರಲ್ಲೂ ಮಲವಿಸರ್ಜನೆಯಾದ ಮೇಲೆ ಹೀಗೆ ಮಾಡಿದರೆ ನೋವು ಇಳಿಯುತ್ತದೆ. ನೀರಿಗೆ ಡೆಟಾಲ್ ಹಾಕುವುದು ಬೇಡ. ಆಮೇಲೆ ಉಜ್ಜದೆ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಸಡಿಲವಾದ ಹತ್ತಿಯ ಒಳಉಡುಪು ಧರಿಸಿ. ಕೀವು ಬರುತ್ತಿದ್ದರೆ ಗಾಜ್ ಬಟ್ಟೆ ಇಟ್ಟು, ಒದ್ದೆಯಾದಾಗ ಬದಲಿಸಿ. ಮಗ್ಗ, ಹೊಲಿಗೆ ಯಂತ್ರ, ಆಟೊ ಎಂದು ದಿನವಿಡೀ ಕೂತು ದುಡಿಯುವವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ವೈದ್ಯರಲ್ಲಿ ಹೇಳುವುದು ಹೇಗೆ?

ಗಡಿಭಾಗದ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಲು ನಾಚುವ ವಿಷಯವನ್ನು ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಪದ ಸಿಗದೆ ಹಿರಿಯರು "ಮೂಲ" ಎಂದುಬಿಡುತ್ತಾರೆ, ಚೀಟಿಯಲ್ಲಿ ಮೂಲವ್ಯಾಧಿಯ ಮುಲಾಮು ಬರುತ್ತದೆ. ಭಗಂದರಕ್ಕೆ ಮಲಯಾಳದಲ್ಲೂ ತೆಲುಗಿನಲ್ಲೂ "ಭಗಂದರಂ" ಎನ್ನುತ್ತಾರೆ, ಮರಾಠಿಯಲ್ಲಿ "ಭಗಂದರ್", ತಮಿಳಿನಲ್ಲಿ "ಪವುತ್ತಿರಂ". "ಫಿಸ್ಟುಲಾ" ಎಂದರೆ ಎಲ್ಲ ವೈದ್ಯರಿಗೂ ತಿಳಿಯುತ್ತದೆ. ಎಷ್ಟು ದಿನದಿಂದ ಇದೆ, ಎಷ್ಟು ಸಲ ಒಡೆದಿದೆ, ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಕ್ಷಯ ಬಂದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರೀಕ್ಷಿಸಲು ಬಿಡಿ, ವೈದ್ಯರಿಗೆ ಇದು ದಿನನಿತ್ಯದ ಕೆಲಸ.

ಸುರಂಗ ಯಾವ ದಾರಿಯಲ್ಲಿ ಸಾಗಿದೆ ಎಂದು ತಿಳಿಯಲು ಕೆಲವೊಮ್ಮೆ ಎಂಆರ್‌ಐ ಮಾಡಿಸುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಹಲವು ವಿಧಗಳಿವೆ. ಆಯುರ್ವೇದದಲ್ಲಿ ಕ್ಷಾರಸೂತ್ರವಿದೆ: ಕಳ್ಳಿ ಹಾಲು, ಉತ್ತರಾಣಿ ಕ್ಷಾರ, ಅರಿಶಿನ ಲೇಪಿಸಿದ ದಾರವನ್ನು ಸುರಂಗದೊಳಗೆ ಹಾಯಿಸಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ವಾಸಿಯಾಗಲು ಹೆಚ್ಚು ವಾರ ಹಿಡಿಯುತ್ತದೆ. ಆದರೂ ಹಲವರಿಗೆ ಒಗ್ಗುವ ಚಿಕಿತ್ಸೆ. ಯಾವುದನ್ನೇ ಆರಿಸಿಕೊಂಡರೂ ಪದವಿ ಪಡೆದ, ನುರಿತ ವೈದ್ಯರ ಬಳಿಯೇ ಹೋಗಿ. ಬಸ್ ನಿಲ್ದಾಣದ ಗೋಡೆಯ ಮೇಲಿನ "ಒಂದೇ ಇಂಜೆಕ್ಷನ್‌ನಲ್ಲಿ ಗುಣ" ಎಂಬ ಬರಹ ನಂಬಿ ಹೋಗಬೇಡಿ. ಮಲವನ್ನು ಹಿಡಿದಿಡುವ ಸ್ನಾಯುವಿಗೆ ಪೆಟ್ಟಾದರೆ ಹಿಡಿತ ತಪ್ಪಿ, ಜೀವನಪರ್ಯಂತ ಅನುಭವಿಸಬೇಕಾಗಬಹುದು.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಚಳಿ ಜ್ವರ, ಸಿಡಿಯುವಂಥ ನೋವಿನ ಹೊಸ ಊತ, ಕೀವು ನಿಂತು ನೋವು ಹೆಚ್ಚಾಗುವುದು, ಮೂತ್ರ ಕಟ್ಟುವುದು. ಸಕ್ಕರೆ ಕಾಯಿಲೆಯವರಂತೂ ಒಂದು ರಾತ್ರಿಯನ್ನೂ ಕಾಯಬಾರದು. ತೂಕ ಇಳಿಯುತ್ತಿದ್ದರೆ, ಬಹುದಿನದಿಂದ ಭೇದಿಯಿದ್ದರೆ, ಮಲದಲ್ಲಿ ರಕ್ತ ಹೋಗುತ್ತಿದ್ದರೆ ಅದನ್ನೂ ತಪ್ಪದೆ ವೈದ್ಯರಿಗೆ ಹೇಳಿ.

ಮನೆಯಲ್ಲಿ ಯಾರಾದರೂ ಕೂರಲು ಹಿಂಜರಿಯುತ್ತಿದ್ದರೆ, ತಮ್ಮ ಬಟ್ಟೆಯನ್ನು ತಾವೇ ಗುಟ್ಟಾಗಿ ಒಗೆದುಕೊಳ್ಳುತ್ತಿದ್ದರೆ, ಕಾರಣ ಕೆದಕಬೇಡಿ. ಈ ಬರಹವನ್ನು ಅವರ ಕೈಗೆ ಕೊಡಿ, ಆಸ್ಪತ್ರೆಗೆ ಜೊತೆಗೆ ಬರುತ್ತೇವೆ ಎನ್ನಿ.