ತೆವಳಲಾರದ ಹುಳು

ಪುಟ್ಟದೊಂದು ಗಾಜಿನ ತಟ್ಟೆ. ಅದರಲ್ಲಿ ಬ್ಯಾಕ್ಟೀರಿಯಗಳ ತೆಳುವಾದ ಪದರ. ಆ ಪದರದ ಮೇಲೆ ಒಂದು ಮಿಲಿಮೀಟರು ಉದ್ದದ, ಗಾಜಿನಂತೆಯೇ ಪಾರದರ್ಶಕವಾದ ಹುಳುವೊಂದು ಬಿದ್ದುಕೊಂಡಿದೆ. ನೆರೆಯ ಹುಳುಗಳೆಲ್ಲ ಹಾವಿನಂತೆ ಬಳುಕುತ್ತ ಹರಿದಾಡುತ್ತಿದ್ದರೆ ಇದು ಮಾತ್ರ ಕದಲದು. ಕೂದಲಿನ ಮೊನೆಯಿಂದ ಮೆಲ್ಲನೆ ಸೋಕಿದರೆ ಕೊಂಚ ಮಿಸುಕಿ, ಮತ್ತೆ ಸುಮ್ಮನಾಗುತ್ತದೆ.

ಈ ಜಡತೆಯ ಕಾರಣವನ್ನು ಅರಸಹೊರಟವರಿಗೆ ದೊರೆತ ಉತ್ತರ ವಿಚಿತ್ರವಾದುದು. ಹುಳುವಿನ ಸ್ನಾಯುಗಳಲ್ಲಿ ಎಳೆಗಳ ಕೊರತೆಯಿರಲಿಲ್ಲ. ಎಳೆಗಳನ್ನು ಕತ್ತರಿಸುವ ಕತ್ತರಿಯ ಕೊರತೆಯಿತ್ತು!

ಸೀನೋರಾಬ್ಡೈಟಿಸ್ ಎಲೆಗನ್ಸ್ ಎಂಬ ಉದ್ದನೆಯ ಹೆಸರನ್ನು ಹೊತ್ತ ಈ ಜೀವಿ ದುಂಡುಹುಳುಗಳ ಕುಲಕ್ಕೆ ಸೇರಿದುದು. ಮಕ್ಕಳ ಹೊಟ್ಟೆಯನ್ನು ಕಾಡುವ ಜಂತುಹುಳು ಇದರ ದಾಯಾದಿ. ಆದರೆ ಇದು ಯಾರಿಗೂ ಕೇಡೆಣಿಸದು. ಕೊಳೆತ ಹಣ್ಣುಹಂಪಲುಗಳ ನಡುವೆ ಬ್ಯಾಕ್ಟೀರಿಯಗಳನ್ನು ತಿಂದು ಬದುಕುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಸಿಡ್ನಿ ಬ್ರೆನರ್ ಅವರು, ದುಂಡುಹುಳುವೊಂದನ್ನು ಪ್ರಯೋಗಶಾಲೆಯಲ್ಲಿ ಸಾಕಿ ಅಭ್ಯಸಿಸುವ ಯೋಜನೆಯನ್ನು 1963ರಲ್ಲಿ ಮುಂದಿಟ್ಟರು. ಅವರ ಆಯ್ಕೆ ಕೊನೆಗೆ ನಿಂತದ್ದು ಈ ಹುಳುವಿನ ಮೇಲೆ. ಬೆಳೆದ ಹುಳುವಿನ ಒಡಲನ್ನು ಕಟ್ಟುವ ಜೀವಕೋಶಗಳು 959 ಮಾತ್ರ. ಮೊಟ್ಟೆಯೊಡೆದು ಬಂದ ಮರಿ ಮೂರು ನಾಲ್ಕು ದಿನಗಳಲ್ಲಿ ತಾನೇ ಮೊಟ್ಟೆಯಿಡುತ್ತದೆ.

ಇನ್ನೊಂದು ಅನುಕೂಲವೂ ಉಂಟು. ಗಂಡುತನ ಹೆಣ್ಣುತನಗಳೆರಡೂ ಒಂದೇ ದೇಹದಲ್ಲಿ ನೆಲೆಸಿರುವ ಈ ಅರ್ಧನಾರೀಶ್ವರನಿಗೆ ಸಂಗಾತಿಯನ್ನು ಅರಸಿ ಹೋಗಬೇಕಾದ ಅಗತ್ಯವಿಲ್ಲ. ಆಹಾರವೋ ಬಾಯ ಮುಂದೆಯೇ ಹರಡಿದೆ. ಆದುದರಿಂದ ಅದು ಹೆಳವಾದರೂ ಬದುಕಿ, ಸಂತಾನವನ್ನು ಪಡೆದು, ತನ್ನ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲುದು. ಕಾಡಿನ ಜಿಂಕೆಗೆ ಎಲ್ಲಿಯದು ಈ ಭಾಗ್ಯ? ಬ್ರೆನರ್ ಅವರು ಒಂದು ರಸಾಯನದಿಂದ ಹುಳುಗಳ ವಂಶವಾಹಿಗಳನ್ನು ಕೆಡಿಸಿ, ಸುಮಾರು 300 ವಿಕೃತ ತಳಿಗಳನ್ನು ಪರಿಶೀಲಿಸಿದ ವಿವರ 1974ರಲ್ಲಿ ಪ್ರಕಟವಾಯಿತು. ಅವುಗಳಿಂದ ಗುರುತಿಸಲಾದ ಸುಮಾರು ನೂರು ವಂಶವಾಹಿಗಳಲ್ಲಿ 77, ಹುಳುವಿನ ಚಲನೆಗೆ ಸಂಬಂಧಿಸಿದವು. ಕಥಾನಾಯಕನಾದ ‘ಅಂಕ್-60’ ಈ ಗುಂಪಿನದು.

ಸ್ನಾಯು ಸಂಕೋಚಿಸುವುದು ಎರಡು ಬಗೆಯ ಎಳೆಗಳು ಒಂದರ ಪಕ್ಕದಲ್ಲೊಂದು ಜಾರುವುದರಿಂದ. ದಪ್ಪ ಎಳೆ ಮೈಯೋಸಿನ್ ಎಂಬ ಪ್ರೋಟೀನಿನದು. ತೆಳು ಎಳೆ ಆಕ್ಟಿನ್‌ನದು. 1942ರಲ್ಲಿ ಹಂಗೇರಿಯ ಸೆಗೆಡ್ ನಗರದಲ್ಲಿ ಬ್ರೂನೋ ಸ್ಟ್ರಾಬ್ ಬೇರ್ಪಡಿಸಿದ ಈ ಆಕ್ಟಿನ್, ಮಣಿಗಳಂಥ ಕಣಗಳು ಸಾಲಾಗಿ ಕೂಡಿಕೊಂಡು ಆದ ಸರ. ಮಗ್ಗದ ಹಾಸಿನಲ್ಲಿ ಎಳೆಗಳು ಸಿಕ್ಕಾದರೆ ಬಟ್ಟೆ ಹೇಗೆ ಮೂಡದೋ ಹಾಗೆ, ಈ ಸರಗಳು ಓರಣವಾಗಿ ನಿಲ್ಲದಿದ್ದರೆ ಸ್ನಾಯುವಿಗೆ ಬಲವಿಲ್ಲ. ಆ ಓರಣದ ಅಗತ್ಯ ಮೊಟ್ಟೆಯೊಳಗೇ ಮೊದಲಾಗುತ್ತದೆ. ಮೊಟ್ಟೆಯಿಂದ ಹೊರಬರುವ ಮರಿಗೆ ಮೈಗೋಡೆಯ ಸ್ನಾಯುಕೋಶಗಳು 81, ಬೆಳೆದಾಗ 95. ಭ್ರೂಣದಲ್ಲಿ ಈ ಸ್ನಾಯುಗಳು ಮಿಸುಕದೆ ಹೋದರೆ ಅದರ ಮೈ ಮೊಟ್ಟೆಯ ಎರಡರಷ್ಟು ಉದ್ದವಾದಲ್ಲಿಗೇ ಬೆಳವಣಿಗೆ ನಿಂತುಹೋಗುತ್ತದೆ.

ಅಂಕ್-60 ಕೆಟ್ಟ ಹುಳುವಿನಲ್ಲಿ ಆಕ್ಟಿನ್ ಗಂಟುಗಂಟಾಗಿ ಬಿದ್ದಿರುತ್ತದೆ. ಈ ವಂಶವಾಹಿಯ ಬರಹವನ್ನು 1994ರಲ್ಲಿ ಓದಿದಾಗ ಗುಟ್ಟು ಹೊರಬಿತ್ತು. ಅದು ಕೋಫಿಲಿನ್ ಎಂಬ ಪ್ರೋಟೀನುಗಳ ವರ್ಗಕ್ಕೆ ಸೇರಿದ ಎರಡು ಪ್ರೋಟೀನುಗಳನ್ನು ತಯಾರಿಸುತ್ತದೆ. ಒಂದು ಸ್ನಾಯುವಿಗೇ ಮೀಸಲು. ಕೋಫಿಲಿನ್ನಿನ ಕೆಲಸ ಆಕ್ಟಿನ್ ಸರವನ್ನು ಅಪ್ಪಿಕೊಂಡು ತುಂಡರಿಸುವುದು, ಮಣಿಗಳನ್ನು ಬಿಡಿಸುವುದು. ಬಿಡಿಯಾದ ಮಣಿಗಳು ಮತ್ತೆ ಸರವಾಗಲು ಒದಗುತ್ತವೆ. ಕಟ್ಟುವ ಕೆಲಸದಲ್ಲಿ ಕೆಡವುವವನಿಗೂ ಕೂಲಿ ಕೊಡಬೇಕೆಂಬುದು ಮನೆ ಕಟ್ಟಿಸಿದವರಿಗೆಲ್ಲ ತಿಳಿದದ್ದೇ!

ಆದರೆ ಕತ್ತರಿಗೆ ಕಡಿವಾಣವೂ ಬೇಕಷ್ಟೆ? ಅಮೆರಿಕದ ಅಟ್ಲಾಂಟ ನಗರದ ಎಮರಿ ವಿಶ್ವವಿದ್ಯಾನಿಲಯದಲ್ಲಿ ಶೋಯಿಚಿರೋ ಓನೋ ಮತ್ತು ಅವರ ಸಂಗಡಿಗರು ಇದನ್ನು ಬಿಡಿಸಿ ತೋರಿದರು. ಟ್ರೋಪೊಮೈಯೋಸಿನ್ ಎಂಬ ಮತ್ತೊಂದು ಪ್ರೋಟೀನು ಆಕ್ಟಿನ್ ಸರದ ಉದ್ದಕ್ಕೂ ಕವಚದಂತೆ ಒರಗಿ, ಕೋಫಿಲಿನ್ ಅದನ್ನು ಕಡಿಯದಂತೆ ತಡೆಯುತ್ತದೆ. ಹುಳುವಿನಲ್ಲಿ ಟ್ರೋಪೊಮೈಯೋಸಿನ್ನನ್ನು ಕುಗ್ಗಿಸಿದರೆ ಎಳೆಗಳು ಚೆದರಿ ಹುಳು ಸ್ತಬ್ಧವಾಗುತ್ತದೆ. ಸೋಜಿಗವೆಂದರೆ, ಮೊದಲೇ ಕೋಫಿಲಿನ್ ಕೆಟ್ಟಿರುವ ಹುಳುವಿನಲ್ಲಿ ಟ್ರೋಪೊಮೈಯೋಸಿನ್ನನ್ನು ಕುಗ್ಗಿಸಿದಾಗ ಆ ಹೊಸ ಹಾನಿ ತಲೆದೋರುವುದಿಲ್ಲ. ಕತ್ತರಿಯೇ ಮೊಂಡಾದ ಮೇಲೆ ಕವಚ ಕಳಚಿದರೇನು? 2002ರಲ್ಲಿ ಪ್ರಕಟವಾದ ಈ ಪ್ರಯೋಗ, ಎರಡರ ನಡುವಿನ ಹಗ್ಗಜಗ್ಗಾಟದಲ್ಲೇ ಸ್ನಾಯುವಿನ ಓರಣ ನಿಂತಿದೆಯೆಂಬುದಕ್ಕೆ ಸಾಕ್ಷಿಯಾಯಿತು.

ಇದು ಹುಳುವಿನ ಸಂಗತಿಯಷ್ಟೇ ಆಗಿ ಉಳಿಯಲಿಲ್ಲ. ಹುಟ್ಟಿನಿಂದಲೇ ಕೈಕಾಲುಗಳು ಸೋತ ಕೆಲವು ಮಕ್ಕಳ ಸ್ನಾಯುವಿನಲ್ಲಿ ದಾರದ ತುಣುಕುಗಳಂಥ ಕಡ್ಡಿಗಳು ಕಾಣುತ್ತವೆ. ಬ್ರೆನರ್ ಹುಳುವಿನ ಯೋಜನೆ ಬರೆದ 1963ರಲ್ಲೇ ವೈದ್ಯರು ಈ ವ್ಯಾಧಿಗೆ ನೆಮಲೀನ್ ಮಯೋಪತಿ ಎಂದು ಹೆಸರಿಟ್ಟರು. ‘ನೇಮ’ ಎಂದರೆ ಗ್ರೀಕ್ ಭಾಷೆಯಲ್ಲಿ ದಾರ. ದುಂಡುಹುಳುವಿನ ನೆಮಟೋಡ್ ಎಂಬ ಹೆಸರೂ ಅದೇ ಮೂಲದ್ದು. ಈ ವ್ಯಾಧಿಗೆ ಹಲವು ವಂಶವಾಹಿಗಳು ಕಾರಣವಾಗಬಲ್ಲವು. 2007ರಲ್ಲಿ, ಒಂದೇ ಕುಟುಂಬದ ಇಬ್ಬರು ಸೋದರಿಯರ ದೌರ್ಬಲ್ಯಕ್ಕೆ ಮೂಲ ಅವರ ಸ್ನಾಯುವಿನ ಕೋಫಿಲಿನ್ ವಂಶವಾಹಿಯ ದೋಷವೆಂದು ಪತ್ತೆಯಾಯಿತು. ಅವರಲ್ಲೊಬ್ಬಳ ಸ್ನಾಯುವಿನಲ್ಲಿಯೂ ಆಕ್ಟಿನ್ ಎಳೆಗಳು ಅಲ್ಲಲ್ಲಿ ಗುಡ್ಡೆಯಾಗಿದ್ದವು. ಈ ವ್ಯಾಧಿಯನ್ನು ಬುಡಸಮೇತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ತಟ್ಟೆಯ ಮೇಲಿನ ಹುಳುವನ್ನು ಕೂದಲಿನ ಮೊನೆಯಿಂದ ಸೋಕಿ ನೋಡುವವರು ಇನ್ನೂ ನೋಡುತ್ತಲೇ ಇದ್ದಾರೆ.