ದುಡಿಯುವ ತಾಯಿಗೆ ಒಂದು ಮೂಲೆ, ಕಾಲು ತಾಸು ಬಿಡುವು

ರಾಯದುರ್ಗದ ಜೀನ್ಸ್ ಹೊಲಿಗೆ ಶೆಡ್ಡಾಗಲಿ, ಆದೋನಿಯ ಹತ್ತಿ ಜಿನ್ನಾಗಲಿ, ಮಡಕಶಿರಾ ಕಡೆಯ ಶೇಂಗಾ ಹೊಲವಾಗಲಿ, ಹೆಣ್ಣಾಳಿಲ್ಲದೆ ನಡೆಯುವುದಿಲ್ಲ. ಅವರಲ್ಲಿ ಹಸುಗೂಸಿನ ತಾಯಂದಿರೂ ಇದ್ದಾರೆ. ಹೊಲದಲ್ಲಾದರೆ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸು ಅತ್ತಾಗ ಸಾಲು ಬಿಟ್ಟು ಬಂದು ಹಾಲೂಡಿಸಬಹುದು. ಹೊಲಿಗೆ ಮಿಷನ್ನಿನ ಮುಂದೆ ಕೂತವಳಿಗೆ ಆ ಅನುಕೂಲವಿಲ್ಲ. ಕೂಸು ಮನೆಯಲ್ಲಿ ಅಜ್ಜಿಯ ಹತ್ತಿರ. ಎದೆಹಾಲು ಮಾತ್ರ ಹೊತ್ತಿಗೆ ಸರಿಯಾಗಿ ತುಂಬಿಕೊಳ್ಳುತ್ತದೆ.

ತುಂಬಿದ ಹಾಲನ್ನು ತೆಗೆಯದಿದ್ದರೆ ಎದೆ ಕಲ್ಲಿನಂತಾಗಿ ನೋಯುತ್ತದೆ, ಬಾವು ಬಂದು ಜ್ವರವೂ ಬರಬಹುದು. ದಿನವೂ ಹೀಗಾದರೆ ಹಾಲೇ ಬತ್ತುತ್ತಾ ಬರುತ್ತದೆ. ಎಮ್ಮೆಯ ಕೆಚ್ಚಲು ಬಾತರೆ ಡಾಕ್ಟರನ್ನು ಕರೆಸುವ ನಾವು, ಈ ತಾಯಿಯ ನೋವನ್ನು ಯಾಕೆ ಕೇಳುವುದಿಲ್ಲ?

ಕೂಸಿಗೆ 15 ತಿಂಗಳಾಗುವ ತನಕ, ಮಾಮೂಲು ಬಿಡುವಲ್ಲದೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. 50 ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು 2017ರ ತಿದ್ದುಪಡಿ ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆರಡೂ ಇವೆ. ಆದರೆ ಹತ್ತಿಪ್ಪತ್ತು ಮಿಷನ್ನಿನ ಶೆಡ್ಡಿಗೆ ಶಿಶುಪಾಲನಾ ಕೇಂದ್ರದ ಮಾತು ತಾಗುವುದಿಲ್ಲ. ಪೀಸಿನ ಲೆಕ್ಕದವಳು ಎದ್ದು ಹೋದರೆ ಅಂದಿನ ಕೂಲಿಯೇ ಕಡಿಮೆ. ಅದಕ್ಕೇ ಏಳದೆ ನೋವು ನುಂಗುತ್ತಾಳೆ. ಕೊನೆಗೆ ಕೂಸಿಗೆ ಡಬ್ಬಿ ಹಾಲು, ಇಲ್ಲವೆ ತಾಯಿ ಕೆಲಸ ಬಿಡುವುದು.

ಮಾಲೀಕರು ಮಾಡಬೇಕಾದ್ದು ದೊಡ್ಡದೇನಲ್ರಿ. ಚಿಲಕವಿರುವ ಒಂದು ಕೋಣೆ, ಅದಿಲ್ಲದಿದ್ದರೆ ಪರದೆ ಕಟ್ಟಿದ ಮೂಲೆ. ಒಂದು ಕುರ್ಚಿ, ಕೈ ತೊಳೆಯಲು ನೀರು, ಸೋಪು. ಪಾಯಿಖಾನೆಯನ್ನು ಮಾತ್ರ ತೋರಿಸಬೇಡಿ. ನಾವು ಅಲ್ಲಿ ಕೂತು ಊಟ ಮಾಡುತ್ತೇವೆಯೇ? ಮೂರು ತಾಸಿಗೊಮ್ಮೆ ಕಾಲು ತಾಸು ಬಿಡುವು, ಕೂಲಿ ಮುರಿಯದೆ.

ಪಂಪು ಇಲ್ಲದಿದ್ದರೂ ಕೈಯಿಂದಲೇ ಹಾಲು ತೆಗೆಯಬಹುದು. ರೀತಿಯನ್ನು ಆಸ್ಪತ್ರೆಯ ನರ್ಸಮ್ಮನನ್ನು ಕೇಳಿ ಕಲಿಯಬೇಕು. ನೀರಲ್ಲಿ ಕುದಿಸಿ ಆರಿಸಿದ, ಮುಚ್ಚಳವಿರುವ ಸ್ಟೀಲು ಡಬ್ಬಿಯಲ್ಲಿ ಹಿಡಿದರೆ ತಂಪು ಜಾಗದಲ್ಲಿ ನಾಲ್ಕು ತಾಸು, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ನಮ್ಮ ಕಡೆಯ ಬೇಸಿಗೆಗೆ ನಾಲ್ಕು ತಾಸು ನಂಬುವಂತಿಲ್ಲ, ಐಸು ಬೇಕೇ ಬೇಕು. ಮನೆಯಲ್ಲಿ ಅದನ್ನು ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಉಗುರು ಬೆಚ್ಚಗೆ ಮಾಡಿದರೆ ಸಾಕು. ಕುಡಿಸಲು ಬಾಟಲಿಯೂ ಬೇಡ. ಕನ್ನಡದ ಒಳಲೆ, ತೆಲುಗಿನ ಉಗ್ಗುಗಿನ್ನೆ ನಮ್ಮ ಅಟ್ಟದ ಮೇಲೆ ಇನ್ನೂ ಇದ್ದೀತು, ಇಳಿಸಿ ತೊಳೆದು ಕುದಿಸಿಕೊಳ್ಳಿ.

ಮೊದಲ ಆರು ತಿಂಗಳು ಕೂಸಿಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಲೆಕ್ಕ ಬಲ್ಲ ವ್ಯಾಪಾರಿಗಳು ಇದನ್ನೂ ಲೆಕ್ಕ ಹಾಕಲಿ: ಕೈ ಪಳಗಿದವಳು ಬಿಟ್ಟುಹೋದರೆ ಹೊಸಬಳಿಗೆ ಕಲಿಸಲು ಎಷ್ಟು ದಿನ ಹಾಳು? ಅದರ ಮುಂದೆ ಒಂದು ಪರದೆಯ ಬೆಲೆ ಎಷ್ಟು?