ಮುಖವಾಡಕ್ಕೆ ಯಾವ ಬಣ್ಣ ಹಿತ?

ಕ್ರಿಸ್ತಜಯಂತಿಯ ಕಿರುನಾಟಕಕ್ಕೆಂದು ಕುರಿ, ಎತ್ತು, ಕತ್ತೆಗಳ ಮುಖವಾಡಗಳನ್ನು ಮನೆಯಲ್ಲಿಯೇ ಬಟ್ಟೆಯಿಂದ ಹೊಲಿಯುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಅವರೆಲ್ಲರಿಗೂ ಎದುರಾಗುವ ಪ್ರಶ್ನೆ ಬಣ್ಣದ್ದು.

ಬಾಗಿಲು-ಕಿಟಕಿಗಳಿಗೆ ಬಳಿದು ಉಳಿದ ಎನಾಮೆಲ್ ಬಣ್ಣ ಇಲ್ಲಿ ಸಲ್ಲದು. ಅದು ಬಟ್ಟೆಯನ್ನು ಬಿರುಸಾಗಿಸುತ್ತದೆ. ಅದರಲ್ಲಿನ ಥಿನ್ನರಿನ ಆವಿಯನ್ನು ಮಗು ಉಸಿರಾಡಬೇಕಾಗುತ್ತದೆ. ಪೋಸ್ಟರ್ ಬಣ್ಣವು ಬೆವರಿಗೆ ಕರಗಿ ಕೆನ್ನೆಗೆ ಇಳಿಯುತ್ತದೆ. ಬಟ್ಟೆಗೆಂದೇ ತಯಾರಾದ, ನೀರಿನಲ್ಲಿ ಕಲಸಬಹುದಾದ ಅಕ್ರಿಲಿಕ್ ಫ್ಯಾಬ್ರಿಕ್ ಬಣ್ಣವೇ ಯೋಗ್ಯವಾದುದು. ತೆಳುವಾಗಿ ಹಚ್ಚಿದರೆ ಒಣಗಿದ ಮೇಲೂ ಅದು ಬಟ್ಟೆಯೊಡನೆ ಬಾಗುತ್ತದೆ.

ಹೊಸ ಹತ್ತಿಬಟ್ಟೆಯನ್ನು ಮೊದಲು ಒಗೆದು ಗಂಜಿಯನ್ನು ಕಳೆಯಬೇಕು. ಹೊಲಿಯುವುದಕ್ಕೆ ಮುನ್ನವೇ ಬಣ್ಣವನ್ನು ಎರಡು ಸಲ ತೆಳುವಾಗಿ ಹಚ್ಚಿ, ಪೂರ್ಣವಾಗಿ ಒಣಗಿದ ಬಳಿಕ ಶೀಷೆಯ ಮೇಲಿನ ಸೂಚನೆಯಂತೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಣ್ಣ ನಿಲ್ಲುತ್ತದೆ. ಒಳಭಾಗಕ್ಕೆ ಬಣ್ಣವಿಲ್ಲದ ಮೃದುವಾದ ಹತ್ತಿಬಟ್ಟೆಯ ಅಸ್ತರಿರಲಿ. ಮೂಗು, ಬಾಯಿಗಳೆದುರು ತೆರಪಿರಲಿ.

ಲ್ಯಾಟಿನ್ ಭಾಷೆಯ ‘ಪೆರ್ಸೋನಾ’ ಎಂಬ ಪದಕ್ಕೆ ರಂಗಭೂಮಿಯ ಮುಖವಾಡವೆಂಬ ಅರ್ಥವಿತ್ತು. ಕಾಲಾಂತರದಲ್ಲಿ ತತ್ತ್ವಶಾಸ್ತ್ರವು ‘ವ್ಯಕ್ತಿ’ಯನ್ನು ಸೂಚಿಸಲು ಅದೇ ಪದವನ್ನು ಬಳಸಿತು. ಸಭಿಕರು ಮುಖವಾಡದ ಹೊರಮೈಯನ್ನು ನೋಡಿ ಸಂತೋಷಪಡುತ್ತಾರೆ. ಮಗುವಾದರೋ ನಾಟಕ ಮುಗಿಯುವವರೆಗೂ ಅದರ ಒಳಮೈಗೆ ಮುಖವೊಡ್ಡಿ ಉಸಿರಾಡುತ್ತದೆ. ಅಂಗಡಿಯಲ್ಲಿ ಬಣ್ಣವನ್ನು ಆರಿಸುವಾಗ ಆ ಪುಟ್ಟ ವ್ಯಕ್ತಿಯ ನೆನಪು ನಮಗಿರಲಿ.